ಪರದೇಶದ ಮಾಲಿನಿಂದ ಕೆಲಸ ಹೋದರೆ: ಕಾರ್ಮಿಕರಿಗೆ ಸರ್ಕಾರದ ನೆರವು

ಸೊಲ್ಲಾಪುರದ ನಮ್ಮ ಸದಸ್ಯರಲ್ಲಿ ಗಿರಣಿ ಕೆಲಸದ ಮನೆತನದವರು ಬಹಳ. ಸಂಘದ ಕಚೇರಿಗೆ ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: "ಹೊರದೇಶದ ಅಗ್ಗದ ಮಾಲು ಬಂದು ಕಾರ್ಖಾನೆ ಮುಚ್ಚಿದರೆ ಸರ್ಕಾರ ನಮಗೇನು ಕೊಡುತ್ತದೆ?" ಈ ಪ್ರಶ್ನೆಗೆ ನೇರವಾಗಿ ಕಾನೂನನ್ನೇ ಮಾಡಿದ ದೇಶ ಅಮೆರಿಕ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಬೇರೆ ದಾರಿಗಳಿವೆ. ಎರಡನ್ನೂ ಸದಸ್ಯರ ಮಾಹಿತಿಗಾಗಿ ಇಲ್ಲಿ ಕೊಟ್ಟಿದ್ದೇವೆ.

ಅಮೆರಿಕದ ಯೋಜನೆ

ಅಧ್ಯಕ್ಷ ಕೆನಡಿಯವರ ಕಾಲದಲ್ಲಿ, 1962ರ ವ್ಯಾಪಾರ ವಿಸ್ತರಣೆ ಕಾಯ್ದೆಯ ಮೂಲಕ 'ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್' ಎಂಬ ಯೋಜನೆ ಬಂತು. ಆಮದು ಸುಂಕ ಇಳಿಸಿದರೆ ಇಡೀ ದೇಶಕ್ಕೆ ಲಾಭ, ಆದರೆ ನಷ್ಟ ಕೆಲವೇ ಊರುಗಳ ಕಾರ್ಮಿಕರಿಗೆ. ಆದ್ದರಿಂದ ಅವರನ್ನು ಸರ್ಕಾರ ನೋಡಿಕೊಳ್ಳಬೇಕು ಎಂಬುದು ಇದರ ಹಿಂದಿನ ವಿಚಾರ.

ಮೊದಲ ಏಳು ವರ್ಷ ಕಾರ್ಮಿಕರ ಒಂದು ಅರ್ಜಿಯೂ ಮಂಜೂರಾಗಲಿಲ್ಲ. ಸುಂಕ ಇಳಿಸಿದ್ದರಿಂದಲೇ ಆಮದು ಹೆಚ್ಚಿತು, ಆ ಆಮದಿನಿಂದಲೇ ಕೆಲಸ ಹೋಯಿತು ಎಂದು ಎರಡೆರಡು ಬಾರಿ ಸಾಬೀತುಪಡಿಸಬೇಕಿತ್ತು. 1974ರ ಕಾಯ್ದೆ ಈ ಷರತ್ತನ್ನು ಸಡಿಲಿಸಿತು. 1980ರ ಸುಮಾರಿಗೆ ಮೋಟಾರು ಕಾರ್ಖಾನೆಗಳ ಕಾರ್ಮಿಕರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನೆರವು ಪಡೆದರು. ಖರ್ಚು ಏರಿತೆಂದು 1981ರಲ್ಲಿ ಸರ್ಕಾರ ಕೈ ಬಿಗಿ ಹಿಡಿಯಿತು.

ಮೂವರು ಕಾರ್ಮಿಕರು ಸೇರಿದರೂ ಸಾಕು, ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದಿತ್ತು. ಯೂನಿಯನ್ನು, ಕಂಪನಿ ಅಥವಾ ರಾಜ್ಯದ ಅಧಿಕಾರಿಗಳಿಗೂ ಅವಕಾಶವಿತ್ತು. ಇಲಾಖೆ ತನಿಖೆ ಮಾಡಿ ಇಡೀ ಗುಂಪಿಗೆ ಪ್ರಮಾಣಪತ್ರ ಕೊಡುತ್ತಿತ್ತು; ಆಮೇಲೆ ಪ್ರತಿಯೊಬ್ಬರೂ ತಮ್ಮ ರಾಜ್ಯದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಿತ್ತು. ಹೊಸ ಕೆಲಸದ ತರಬೇತಿ, ತರಬೇತಿಯ ಕಾಲಕ್ಕೆ ವಾರದ ಭತ್ಯೆ, ಕೆಲಸ ಹುಡುಕಲು ಮತ್ತು ಊರು ಬದಲಿಸಲು ಖರ್ಚು ಸಿಗುತ್ತಿದ್ದವು. 50 ವರ್ಷ ದಾಟಿದವರು ಕಡಿಮೆ ಪಗಾರದ ಕೆಲಸಕ್ಕೆ ಸೇರಿದರೆ, ಹಳೆಯ ಮತ್ತು ಹೊಸ ಪಗಾರದ ವ್ಯತ್ಯಾಸದ ಅರ್ಧದಷ್ಟನ್ನು ಒಂದು ಮಿತಿಯವರೆಗೆ ಸರ್ಕಾರ ತುಂಬಿಕೊಡುತ್ತಿತ್ತು. ಕಾಯ್ದೆಯ ಅವಧಿ ಮುಗಿದು, 2022ರ ಜುಲೈ 1ರಿಂದ ಹೊಸ ಗುಂಪುಗಳಿಗೆ ಪ್ರಮಾಣಪತ್ರ ಕೊಡುವುದು ನಿಂತಿದೆ.

ನಮ್ಮ ದೇಶದಲ್ಲಿ

ಪರದೇಶದವರು ತೀರಾ ಅಗ್ಗಕ್ಕೆ ಮಾಲು ತಂದು ಸುರಿದರೆ ನಮ್ಮ ಕೇಂದ್ರ ಸರ್ಕಾರ ಅದರ ಮೇಲೆ ಹೆಚ್ಚುವರಿ ಸುಂಕ ಹಾಕಬಹುದು. ಇದರಿಂದ ಕಾರ್ಖಾನೆಗೆ ರಕ್ಷಣೆ. ಸುಂಕದ ಹಣ ಖಜಾನೆಗೆ. ಆಗಲೇ ಕೆಲಸ ಕಳೆದುಕೊಂಡವನ ಕೈಗೆ ಅದರಿಂದ ಏನೂ ಬರುವುದಿಲ್ಲ.

ಮುಚ್ಚಿದ ಬಟ್ಟೆ ಗಿರಣಿಗಳ ಕಾರ್ಮಿಕರಿಗಾಗಿ 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಬಂತು. ಆ ಗಿರಣಿಯಲ್ಲಿ ಐದು ವರ್ಷ ದುಡಿದವರಿಗೆ ಮೊದಲ ವರ್ಷ ಪಗಾರದ ಶೇ. 75, ಎರಡನೆಯ ವರ್ಷ ಶೇ. 50, ಮೂರನೆಯ ವರ್ಷ ಶೇ. 25ರ ಲೆಕ್ಕದಲ್ಲಿ ಪರಿಹಾರ. ಗಿರಣಿ ಮುಚ್ಚಿದ್ದಕ್ಕೆ ಕಾರಣ ಆಮದೇ ಎಂದು ತೋರಿಸುವ ಅಗತ್ಯವಿರಲಿಲ್ಲ. 2017ರಲ್ಲಿ ಆ ಯೋಜನೆಯನ್ನು ಮುಂದೆ ಹೇಳುವ ಇ.ಎಸ್.ಐ. ಯೋಜನೆಯಲ್ಲಿ ವಿಲೀನ ಮಾಡಲಾಯಿತು.

ಇಂದು ಮುಖ್ಯವಾಗಿ ತಿಳಿದಿರಬೇಕಾದವು:

1. ಪರಿಹಾರ: ಒಂದು ವರ್ಷಕ್ಕೆ ಕಡಿಮೆಯಿಲ್ಲದ ಸತತ ಸೇವೆ ಇದ್ದ ಕಾರ್ಮಿಕನನ್ನು ಮಾಲೀಕರು ಕಡಿತ ಮಾಡಿದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಕೊಡಬೇಕು. ಗ್ರಾಚ್ಯುಟಿ ಇದಕ್ಕೆ ಹೊರತು.

2. ಮರುತರಬೇತಿ ನಿಧಿ: 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸಂಬಂಧಗಳ ಸಂಹಿತೆಯಂತೆ, ಕಡಿತವಾದ ಪ್ರತಿಯೊಬ್ಬರಿಗೂ ಮಾಲೀಕರು 15 ದಿನದ ಪಗಾರದಷ್ಟು ಹಣವನ್ನು ಈ ನಿಧಿಗೆ ಕಟ್ಟಬೇಕು. ಆ ಹಣ 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು.

3. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ: 2005ರಿಂದ ಇದೆ. ಇ.ಎಸ್.ಐ.ನಲ್ಲಿ ಕನಿಷ್ಠ ಎರಡು ವರ್ಷ ವಿಮೆ ಇದ್ದು, ಕಾರ್ಖಾನೆ ಮುಚ್ಚಿದ್ದರಿಂದ ಅಥವಾ ಕಡಿತದಿಂದ ಕೆಲಸ ಹೋದವರಿಗೆ ಮೊದಲ 12 ತಿಂಗಳು ಪಗಾರದ ಶೇ. 50, ಮುಂದಿನ 12 ತಿಂಗಳು ಶೇ. 25. ಈ ಅವಧಿಯಲ್ಲಿ ಕುಟುಂಬಕ್ಕೂ ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯವಿರುತ್ತದೆ.

ಸಹಿ ಮಾಡುವ ಮುಂಚೆ

ಅಮೆರಿಕದ ಕಾರ್ಮಿಕ ತನ್ನ ಕೆಲಸ ಆಮದಿನಿಂದ ಹೋಯಿತೆಂದು ತೋರಿಸಬೇಕಿತ್ತು. ನಾವು ತೋರಿಸಬೇಕಾದದ್ದು ಬೇರೆ: ನಾನಾಗಿ ಬಿಡಲಿಲ್ಲ, ಮಾಲೀಕರೇ ಬಿಡಿಸಿದರು. ರಾಜೀನಾಮೆ ಕೊಟ್ಟವರಿಗೂ ಸ್ವಯಂ ನಿವೃತ್ತಿ ಪಡೆದವರಿಗೂ ಮೇಲಿನ ಮೂರೂ ಸಿಗುವುದಿಲ್ಲ.

ನಮ್ಮ ಸದಸ್ಯರೊಬ್ಬರು ಹತ್ತೊಂಬತ್ತು ವರ್ಷ ದುಡಿದ ಕಾರ್ಖಾನೆ ಮುಚ್ಚುವಾಗ, "ಲೆಕ್ಕ ಚುಕ್ತಾ ಮಾಡಲು" ಎಂದು ಕೊಟ್ಟ ಕಾಗದಕ್ಕೆ ಸಹಿ ಹಾಕಿದರು. ಅದು ಅವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿತ್ತು. ನಮ್ಮ ಕಚೇರಿಯಲ್ಲಿ ಓದಿ ನೋಡಿದಾಗ ಅದು ರಾಜೀನಾಮೆ. ಅಷ್ಟರಲ್ಲಿ ನಾವು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಆದ್ದರಿಂದ ನೇಮಕಾತಿ ಪತ್ರ, ಪಗಾರ ಚೀಟಿ, ಇ.ಎಸ್.ಐ. ಕಾರ್ಡು, ಕಡಿತದ ನೋಟಿಸು ಇವುಗಳ ನಕಲನ್ನು ಮನೆಯಲ್ಲಿ ಇಡಿ. ಇ.ಎಸ್.ಐ.ಗೆ ಪಗಾರದ ಮಿತಿ ತಿಂಗಳಿಗೆ 21,000 ರೂಪಾಯಿ. ಅದರೊಳಗಿದ್ದೂ ಹೆಸರು ನೋಂದಣಿ ಆಗದಿದ್ದರೆ ಕೆಲಸ ಇರುವಾಗಲೇ ವಿಚಾರಿಸಿ. ಕಾಗದ ಯಾವ ಭಾಷೆಯಲ್ಲಿದ್ದರೂ ಸರಿ, ಸಹಿ ಮಾಡುವ ಮುಂಚೆ ಸಂಘಕ್ಕೆ ತನ್ನಿ. ಕನ್ನಡದಲ್ಲಿ ಓದಿ ಹೇಳುತ್ತೇವೆ.