ಟಾರ್ಕ್ ರೆಂಚ್: ಎಕ್ಸ್‌ಟೆನ್ಶನ್, ಅಡಾಪ್ಟರ್ ಜೋಡಿಸಿದಾಗ ಅಳತೆ ಎಲ್ಲಿ ತಪ್ಪುತ್ತದೆ?

ನಟ್ಟು, ಬೋಲ್ಟುಗಳನ್ನು ಗೊತ್ತುಪಡಿಸಿದಷ್ಟೇ ಬಿಗಿಯಲು ಬಳಸುವ ಕೈ ಉಪಕರಣ ಟಾರ್ಕ್ ರೆಂಚ್. ಎಂಜಿನ್ನಿನ ಸಿಲಿಂಡರ್ ಹೆಡ್, ಕಾರಿನ ಚಕ್ರ, ವಿಮಾನದ ಇಂಧನ ಕೊಳವೆ ಹೀಗೆ ಎಲ್ಲೆಲ್ಲಿ ಎಷ್ಟು ಬಿಗಿಯಬೇಕೆಂದು ತಯಾರಕರು ನಿಗದಿ ಮಾಡಿರುತ್ತಾರೆ. ಕಡಿಮೆಯಾದರೆ ಬೋಲ್ಟು ಸಡಿಲಗೊಳ್ಳುತ್ತದೆ. ಹೆಚ್ಚಾದರೆ ಥ್ರೆಡ್ ಸವೆದು ಕಿತ್ತುಬರುತ್ತದೆ, ಇಲ್ಲವೇ ಬೋಲ್ಟೇ ತುಂಡಾಗುತ್ತದೆ. ಇಕ್ಕಟ್ಟಿನಲ್ಲಿರುವ ಬೋಲ್ಟನ್ನು ಮುಟ್ಟಲು ರೆಂಚಿಗೆ ಎಕ್ಸ್‌ಟೆನ್ಶನ್ ಅಥವಾ ಅಡಾಪ್ಟರ್ ಸಿಕ್ಕಿಸುತ್ತಾರೆ. ಇವುಗಳಲ್ಲಿ ಕೆಲವು ಅಳತೆಯನ್ನು ಕದಲಿಸುವುದೇ ಇಲ್ಲ, ಇನ್ನು ಕೆಲವು ಶೇ. 10ಕ್ಕೂ ಮೀರಿ ಕೆಡಿಸುತ್ತವೆ. ಹಾಗಾಗಿ ಸಿಕ್ಕಿಸಿದ ತುಂಡು ಯಾವ ದಿಕ್ಕಿಗೆ ಚಾಚಿದೆ ಎಂಬುದನ್ನು ಮೊದಲು ನೋಡಬೇಕು.

## ರೆಂಚಿಗೆ ಗೊತ್ತಾಗುವುದೆಷ್ಟು?

ಕೈ ಹಾಕುವ ಬಲವನ್ನು, ತಿರುಗುವ ಕೇಂದ್ರದಿಂದ ಆ ಬಲಕ್ಕಿರುವ ಲಂಬ ದೂರದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ಇದನ್ನು ನ್ಯೂಟನ್ ಮೀಟರ್‌ಗಳಲ್ಲಿ ಹೇಳುತ್ತಾರೆ. ಬೀಸುವ ಕಲ್ಲಿನ ಗೂಟವನ್ನು ನಡುವೆ ನೆಡದೆ ಅಂಚಿನಲ್ಲಿ ನೆಡುವುದು ಈ ದೂರದ ಲಾಭಕ್ಕಾಗಿಯೇ. ಟಾರ್ಕ್ ರೆಂಚ್ ಅಳೆಯುವುದು ತನ್ನ ತಲೆಯಲ್ಲಿರುವ ಚೌಕ ಮೊಳೆಯ ಬಳಿಯ ಟಾರ್ಕನ್ನು ಮಾತ್ರ. ಅದರಾಚೆ ಬೋಲ್ಟು ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು.

## ನೇರ ಎಕ್ಸ್‌ಟೆನ್ಶನ್ ಸರಳು

ಸಾಕೆಟ್ಟಿಗೂ ರೆಂಚಿಗೂ ನಡುವೆ, ಬೋಲ್ಟಿನ ನೇರಕ್ಕೆ ನಿಲ್ಲುವ ಸರಳು ಅಳತೆಯನ್ನು ಬದಲಿಸದು. ಸರಳು ಉದ್ದವಿದ್ದಷ್ಟೂ ಸ್ವಲ್ಪ ತಿರುಚಿಕೊಳ್ಳುತ್ತದೆ, ಕೈ ಇನ್ನೊಂದಿಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ಆದರೆ ಈ ತುದಿಗೆ ಕೊಟ್ಟ ಟಾರ್ಕ್ ಆ ತುದಿಗೆ ಹಾಗೇ ತಲುಪುತ್ತದೆ. ನಿಜವಾದ ತೊಂದರೆ ಸರಳು ಓರೆಯಾಗುವುದು. ಒಂದು ಕೈಯಿಂದ ರೆಂಚಿನ ತಲೆಯನ್ನು ಆಧರಿಸಿ, ಇನ್ನೊಂದರಿಂದ ನಿಧಾನವಾಗಿ ಎಳೆದರೆ ಅದು ನೆಟ್ಟಗೆ ನಿಲ್ಲುತ್ತದೆ. ಅರ್ಧ ಇಂಚಿನಿಂದ 3/8 ಇಂಚಿಗೆ ಇಳಿಸುವ ಅಡಾಪ್ಟರಿಗೂ ಇದೇ ಮಾತು. ಆದರೆ ಅದರ ಸಣ್ಣ ತುದಿ ಎಷ್ಟು ಟಾರ್ಕ್ ತಾಳೀತು ಎಂಬುದನ್ನು ಗಮನಿಸಬೇಕು.

ಗಾಳಿಯಿಂದ ಓಡುವ ಇಂಪ್ಯಾಕ್ಟ್ ಗನ್ನಿನ ವಿಷಯ ಬೇರೆ. ಅದು ಬಿಗಿಯುವುದು ಪೆಟ್ಟಿನ ಮೇಲೆ ಪೆಟ್ಟು ಕೊಟ್ಟು. ಪ್ರತಿ ಪೆಟ್ಟಿನ ಒಂದು ಪಾಲನ್ನು ತಿರುಚಿಕೊಳ್ಳುವ ಸರಳು ನುಂಗಿಬಿಡುತ್ತದೆ.

## ಪಕ್ಕಕ್ಕೆ ಚಾಚುವ ಕ್ರೋಫುಟ್

ಕೊಳವೆಯ ನಟ್ಟಿಗೆ ಮೇಲಿನಿಂದ ಸಾಕೆಟ್ ಇಳಿಸಲಾಗದು. ಅಂಥಲ್ಲಿ ಪಕ್ಕದಿಂದ ಕಚ್ಚುವ ಕ್ರೋಫುಟ್ ಬಳಸುತ್ತಾರೆ. ಇದು ಬೋಲ್ಟಿನ ಕೇಂದ್ರವನ್ನು ರೆಂಚಿನ ತಲೆಯಿಂದ ಆಚೆ ಸರಿಸುತ್ತದೆ. ಹಿಡಿಕೆಯ ನೇರಕ್ಕೆ ಮುಂದೆ ಚಾಚಿದರೆ ಸನ್ನೆಯ ತೋಳು ಉದ್ದವಾಗಿ, ರೆಂಚ್ ತೋರಿಸಿದ್ದಕ್ಕಿಂತ ಹೆಚ್ಚು ಟಾರ್ಕ್ ಬೋಲ್ಟಿನ ಮೇಲೆ ಬೀಳುತ್ತದೆ. ತಿದ್ದುಪಡಿಯ ಸೂತ್ರ ಹೀಗಿದೆ:

ರೆಂಚಿನಲ್ಲಿ ಇಡಬೇಕಾದ ಅಳತೆ = ಬೇಕಾದ ಟಾರ್ಕ್ × ರೆಂಚಿನ ಉದ್ದ ÷ (ರೆಂಚಿನ ಉದ್ದ + ಚಾಚು)

ಇಲ್ಲಿ ರೆಂಚಿನ ಉದ್ದವೆಂದರೆ ಹಿಡಿಯ ಮಧ್ಯದಿಂದ ಚೌಕ ಮೊಳೆಯ ಮಧ್ಯದವರೆಗೆ. ಚಾಚು ಎಂದರೆ ಅಲ್ಲಿಂದ ಬೋಲ್ಟಿನ ಮಧ್ಯದವರೆಗೆ. 400 ಮಿ.ಮೀ. ರೆಂಚಿಗೆ 50 ಮಿ.ಮೀ. ಕ್ರೋಫುಟ್ ಸಿಕ್ಕಿಸಿ 100 ನ್ಯೂಟನ್ ಮೀಟರ್ ಬಿಗಿಯಬೇಕೆಂದುಕೊಳ್ಳಿ. ರೆಂಚನ್ನು ಸುಮಾರು 88.9ಕ್ಕೆ ಇಡಬೇಕು. ತಿದ್ದದೆ 100ಕ್ಕೇ ಇಟ್ಟರೆ ಬೋಲ್ಟಿಗೆ ಬೀಳುವುದು 112.5.

## ಕೋನ ಬದಲಾದರೆ ಲೆಕ್ಕವೂ ಬದಲು

ಕ್ರೋಫುಟ್ಟನ್ನು ಹಿಡಿಕೆಗೆ 90 ಡಿಗ್ರಿಯಲ್ಲಿ ಕೂರಿಸಿದರೆ ಅದರ ಚಾಚು ಎಳೆಯುವ ದಿಕ್ಕಿಗೇ ಹೊಂದಿಕೊಳ್ಳುತ್ತದೆ, ತೋಳಿನ ಉದ್ದ ಬೆಳೆಯುವುದಿಲ್ಲ. ಆಗ ತಿದ್ದುಪಡಿ ಬೇಡ. ಗ್ಯಾರೇಜಿನಲ್ಲಿ ಲೆಕ್ಕದ ಗೋಜು ತಪ್ಪಿಸಲು ಇದೇ ಸುಲಭದ ದಾರಿ. ಹಿಡಿಕೆಯ ಕಡೆಗೆ ಹಿಂದಕ್ಕೆ ತಿರುಗಿಸಿದರೆ ಚಾಚನ್ನು ಕೂಡುವ ಬದಲು ಕಳೆಯಬೇಕು. ಮೇಲಿನ ಉದಾಹರಣೆಯಲ್ಲೇ ರೆಂಚನ್ನು 114.3ಕ್ಕೆ ಇಡಬೇಕಾದೀತು. ನಡುವಿನ ಕೋನಗಳಲ್ಲಿ ಚಾಚನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿ ಸೇರಿಸುತ್ತಾರೆ.

ಕೈ ಇಡುವ ಜಾಗವೂ ಲೆಕ್ಕದ ಭಾಗವೇ. ಕ್ರೋಫುಟ್ ಮುಂದಕ್ಕೆ ಚಾಚಿರುವಾಗ ಹಿಡಿಯ ಮಧ್ಯ ಬಿಟ್ಟು ಬೇರೆಡೆ ಹಿಡಿದರೆ, ಹಿಡಿಕೆಗೆ ಪೈಪ್ ತೊಡಿಸಿದರೆ ಅಥವಾ ಇನ್ನೊಂದು ಕೈಯಿಂದ ತಲೆಯನ್ನು ಒತ್ತಿದರೆ ಸೂತ್ರ ಸುಳ್ಳಾಗುತ್ತದೆ. ನೇರ ಸರಳಿನಲ್ಲಿ ತಲೆಗೆ ಕೊಡುವ ಆಧಾರ ಒಳ್ಳೆಯದು, ಕ್ರೋಫುಟ್ಟಿನಲ್ಲಿ ಅದೇ ತಪ್ಪಿಗೆ ಮೂಲ.

## ಯೂನಿವರ್ಸಲ್ ಜಾಯಿಂಟ್

ಬಾಗುವ ಈ ಕೀಲು ಟಾರ್ಕನ್ನು ಒಂದೇ ಸಮ ದಾಟಿಸದು. 30 ಡಿಗ್ರಿ ಬಾಗಿದಾಗ, ಸುತ್ತಿನ ಯಾವ ಘಟ್ಟದಲ್ಲಿದೆ ಎಂಬುದನ್ನು ಅನುಸರಿಸಿ ಬೋಲ್ಟಿಗೆ ತಲುಪುವ ಟಾರ್ಕ್ ಕೊಟ್ಟದ್ದರ 0.87ರಿಂದ 1.15 ಪಟ್ಟು ಆಗಬಹುದು. ಸರಳ ತಿದ್ದುಪಡಿ ಇದಕ್ಕೆ ಒದಗದು. ಸಾಧ್ಯವಾದಷ್ಟು ನೇರವಾಗಿಟ್ಟು ಬಳಸುವುದು, ನಿಖರತೆ ಬೇಕಾದಲ್ಲಿ ಬಿಟ್ಟೇಬಿಡುವುದು ಲೇಸು.

## ತಪ್ಪಿನ ತೂಕ

ಐಎಸ್ಒ 6789 ಮಾನದಂಡದ ಪ್ರಕಾರ, 10 ನ್ಯೂಟನ್ ಮೀಟರ್‌ಗಿಂತ ದೊಡ್ಡ, ಅಳತೆ ಹೊಂದಿಸುವ ಕ್ಲಿಕ್ ರೆಂಚ್ ಶೇ. 4ರಷ್ಟು ಹೆಚ್ಚುಕಡಿಮೆ ತೋರಿಸಬಹುದು. ಬಳಕೆದಾರರು ಬೇರೆ ಕ್ರಮ ಗೊತ್ತುಮಾಡಿಕೊಳ್ಳದಿದ್ದರೆ 12 ತಿಂಗಳಿಗೆ ಅಥವಾ 5,000 ಬಾರಿ ಬಳಸಿದ ಮೇಲೆ ಅದನ್ನು ತಪಾಸಣೆಗೆ ಕೊಡಬೇಕು. ಹಾಗೆ ತಪಾಸಣೆಯಾಗಿ ಬಂದ 400 ಮಿ.ಮೀ. ರೆಂಚಿಗೆ 50 ಮಿ.ಮೀ. ಕ್ರೋಫುಟ್ಟನ್ನು ಲೆಕ್ಕ ಹಾಕದೆ ಮುಂದಕ್ಕೆ ಚಾಚಿ ಸಿಕ್ಕಿಸಿದರೆ, ಮಾನದಂಡ ಒಪ್ಪುವ ತಪ್ಪಿನ ಮೂರು ಪಟ್ಟು ತಪ್ಪು ಒಂದೇ ಏಟಿಗೆ ಸೇರಿಕೊಳ್ಳುತ್ತದೆ.