ಜರಡಿಯಿಂದ ಜಾಲರಿ ಬಾಗಿಲಿಗೆ

ಕೊಚ್ಚಿಗೆ ವರ್ಗವಾಗಿ ಬಂದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗಳಿಗೆ ಮುಂದುಗಡೆ ಎರಡು ಬಾಗಿಲು. ಒಂದು ಮರದ್ದು, ಇನ್ನೊಂದು ಜಾಲರಿಯದು. ಮರದ ಬಾಗಿಲು ಕಳ್ಳನಿಗೆ, ಜಾಲರಿ ಬಾಗಿಲು ಸೊಳ್ಳೆಗೆ. ಕಳ್ಳ ಬಂದದ್ದನ್ನು ನಾವು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಸೊಳ್ಳೆ ಮಾತ್ರ ಒಂದು ದಿನವೂ ರಜೆ ಹಾಕಿಲ್ಲ. ಆದರೂ ಬೀಗ ಕೆಟ್ಟರೆ ಅದೇ ದಿನ ಸರಿಮಾಡಿಸುವ ನಾವು, ಜಾಲರಿ ಹರಿದರೆ ‘ನೋಡೋಣ, ಮಳೆ ಕಳೆಯಲಿ’ ಎನ್ನುತ್ತೇವೆ. ಮಳೆ ಕಳೆಯುವಷ್ಟರಲ್ಲಿ ತೂತಿನಲ್ಲಿ ಬೆಕ್ಕಿನ ಮರಿ ನುಗ್ಗುವಂತಾಗಿರುತ್ತದೆ. ಇಷ್ಟು ಅಲಕ್ಷ್ಯಕ್ಕೆ ಗುರಿಯಾಗಿರುವ ಈ ಎರಡನೆಯ ಬಾಗಿಲಿಗೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಬೆಂಗಳೂರಿಗೂ ಧಾರವಾಡಕ್ಕೂ ಪಾಲಿದೆ.

ನಮ್ಮ ಊರುಗಳಲ್ಲಿ ಇಂಥ ಬಾಗಿಲು ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಒಳಗೆ ಬರುವ ಸಮಯ ಎಂಬುದು ಅಜ್ಜಿಯರ ಕಟ್ಟಳೆ. ಸೊಳ್ಳೆಯೂ ಸರಿಯಾಗಿ ಅದೇ ಸಮಯಕ್ಕೆ ಬರುತ್ತಿತ್ತು. ಬೇವಿನ ಸೊಪ್ಪಿನ ಹೊಗೆ, ಸಾಂಬ್ರಾಣಿ, ರಾತ್ರಿ ಮಲಗುವಾಗ ಇದ್ದವರಿಗೆ ಸೊಳ್ಳೆ ಪರದೆ, ಇಲ್ಲದವರಿಗೆ ಮುಸುಕು: ಇಷ್ಟರಲ್ಲಿ ಕಾಲ ಸಾಗುತ್ತಿತ್ತು. ತಂತಿ ಜಾಲರಿಯನ್ನು ನಮ್ಮ ಹಿರಿಯರು ಕಂಡಿದ್ದರೆ ಅಡಿಗೆಮನೆಯ ಜಾಲರಿ ಬೀರುವಿನಲ್ಲಿ, ಹಾಲು ಮೊಸರನ್ನು ಬೆಕ್ಕು ನೊಣಗಳಿಂದ ಕಾಯಲು. ಮೊಸರಿಗೆ ಸಿಕ್ಕ ರಕ್ಷಣೆ ಮನುಷ್ಯನಿಗೆ ಸಿಗಲು ಬಹಳ ಕಾಲ ಬೇಕಾಯಿತು.

ಕೊಚ್ಚಿಯಲ್ಲಿ ಈ ರಕ್ಷಣೆಯ ಅಗತ್ಯ ಬೇರೆಡೆಗಿಂತ ಹೆಚ್ಚು. ನಾವು ವಾಸಿಸುವ ದ್ವೀಪವೇ ನೀರಿನಿಂದ ಎತ್ತಿದ ನೆಲ. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಇಲ್ಲಿಗೆ ಬಂದು, ಹಿನ್ನೀರಿನ ಬಾಯಿಗೆ ಅಡ್ಡಲಾಗಿದ್ದ ಮರಳದಿಬ್ಬವನ್ನು ಕಡಿಸಿದ. 1928ರ ಮೇ ತಿಂಗಳಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ಹೂಳೆತ್ತುವ ಹಡಗು ಮೇಲೆತ್ತಿದ ಮಣ್ಣನ್ನು ವೆಂಡುರುತ್ತಿಯ ಪಕ್ಕದಲ್ಲಿ ಸುರಿದು ಸುಮಾರು 780 ಎಕರೆ ಹೊಸ ನೆಲ ಮಾಡಿದರು. 1936ರಲ್ಲಿ ಕೊಚ್ಚಿ ಮೇಜರ್ ಬಂದರಾಯಿತು. ದ್ವೀಪಕ್ಕೆ ಮದರಾಸಿನ ಗವರ್ನರನಾಗಿ ಆಮೇಲೆ ವೈಸರಾಯ್ ಆದ ಲಾರ್ಡ್ ವಿಲ್ಲಿಂಗ್ಡನ್ನನ ಹೆಸರು. ನಾಲ್ಕು ಕಡೆ ನೀರು, ತಗ್ಗು ನೆಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ, ಸರಾಗವಾಗಿ ಹರಿಯದ ಚರಂಡಿ. ಸೊಳ್ಳೆಗೆ ಇನ್ನೇನು ಬೇಕು?

ಸೊಳ್ಳೆ ತಂದದ್ದು ಬರೀ ತುರಿಕೆಯಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಆನೆಕಾಲು ರೋಗಕ್ಕೆ ಯುರೋಪಿನವರು ಇಟ್ಟ ಹೆಸರುಗಳಲ್ಲಿ ‘ಕೊಚ್ಚಿ ಕಾಲು’ ಎಂಬುದೂ ಒಂದು. ಊರಿಗೆ ಇದಕ್ಕಿಂತ ಕೆಟ್ಟ ಬಿರುದು ಇರಲಾರದು. ಹಳೆಯ ಪ್ರವಾಸಿಗಳು ಇದಕ್ಕೆ ಇಲ್ಲಿನ ಬಾವಿಯ ನೀರೇ ಕಾರಣವೆಂದು ಬರೆದರು. ಕೊಚ್ಚಿಯನ್ನು ಆಳಿದ ಡಚ್ಚರು ಅನುಕೂಲಸ್ಥರಾಗಿದ್ದರೆ ಆಲುವಾದ ಕಡೆಯಿಂದ ದೋಣಿಯಲ್ಲಿ ಹೊಳೆ ನೀರು ತರಿಸಿ ಕುಡಿಯುತ್ತಿದ್ದರು. ಈ ನಂಬಿಕೆಯನ್ನು ನಾವು ನಗುವಂತಿಲ್ಲ. ರೋಗ ನೀರಿನಿಂದಲೇ ಬರುತ್ತಿತ್ತು. ಕುಡಿದ ನೀರಿನಿಂದಲ್ಲ, ಮನೆಯ ಹಿಂದೆ ನಿಂತ ನೀರಿನಿಂದ.

ಈ ಗುಟ್ಟನ್ನು ಒಡೆದವನು, ನಮ್ಮ ಕಸ್ಟಮ್ಸ್ ಮಿತ್ರರು ಹೆಮ್ಮೆಪಡಬಹುದು, ಕಸ್ಟಮ್ಸಿನವನೇ. ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಚೀನಾದ ಕಸ್ಟಮ್ಸ್ ಇಲಾಖೆಯಲ್ಲಿ ನೌಕರಿಯಲ್ಲಿದ್ದಾಗ, 1877ರಲ್ಲಿ, ಅಮೋಯ್ ಎಂಬ ಬಂದರಿನಲ್ಲಿ ಆನೆಕಾಲಿನ ಹುಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಕಂಡ. ಆದರೆ ಅವನೂ ನೀರಿನ ಮೋಹದಿಂದ ಪಾರಾಗಲಿಲ್ಲ. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರನ್ನು ಕುಡಿದವನಿಗೆ ಹುಳು ಸೇರುತ್ತದೆ ಎಂದು ಬಹುಕಾಲ ನಂಬಿದ್ದ. ಹಾಗಿದ್ದರೆ ನೀರು ಕಾಯಿಸಿ ಕುಡಿದರೆ ಸಾಕಿತ್ತು. ಬಾಗಿಲಿಗೆ ಜಾಲರಿ ಬೇಕಿರಲಿಲ್ಲ.

ಇನ್ನೊಬ್ಬ ವೈದ್ಯ ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಹರಡುವುದಕ್ಕೆ ಪುರಾವೆಯನ್ನು ಅವನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡದ್ದು ಪಠ್ಯಪುಸ್ತಕದ ವಿಷಯ. ಆದರೆ ಸೊಳ್ಳೆಯ ಮೊದಲ ಪಾಠ ಅವನಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, 1883ರಲ್ಲಿ, ದಂಡಿನ ವೈದ್ಯನಾಗಿದ್ದಾಗ. ಅವನ ಬಂಗಲೆಯಲ್ಲಿ ಸೊಳ್ಳೆ ವಿಪರೀತ. ಕಿಟಕಿಯ ಹೊರಗೆ ನೀರು ತುಂಬಿದ್ದ ಒಂದು ತೊಟ್ಟಿಯಲ್ಲಿ ಅವು ಹುಟ್ಟುವುದನ್ನು ನೋಡಿ ಅದನ್ನು ಮಗುಚಿಹಾಕಿದ; ಕಾಟ ಇಳಿಯಿತು. ಉಳಿದ ಕಡೆಯೂ ಹಾಗೆ ಮಾಡೋಣ ಎಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೃಷ್ಟಿಕ್ರಮಕ್ಕೆ ಅಡ್ಡಿಮಾಡಬಾರದು ಎಂಬುದು ಆತನ ವಾದ. ಕಡತಕ್ಕೆ ಇಂಥ ಷರಾ ಬರೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಜಾಲರಿ ಬಾಗಿಲಿನ ಮಟ್ಟಿಗೆ ನಿರ್ಣಾಯಕವಾದ ವರ್ಷ 1900. ಆ ವರ್ಷ ಜಾರ್ಜ್ ಕಾರ್ಮೈಕಲ್ ಲೋ ಎಂಬ ತರುಣ ವೈದ್ಯ ಆಸ್ಟ್ರೇಲಿಯಾದಿಂದ ಬಂದ ಸೊಳ್ಳೆಗಳನ್ನು ಸೀಳಿ ನೋಡಿ, ಆನೆಕಾಲಿನ ಹುಳು ಸೊಳ್ಳೆಯ ಸೊಂಡಿಲಿನಲ್ಲೇ ಇರುವುದನ್ನು ತೋರಿಸಿದ. ಅಂದರೆ ಅದು ಕಚ್ಚುವಾಗಲೇ ಬರುತ್ತದೆ. ಬೇಸಿಗೆಯಲ್ಲಿ ಇದೇ ಲೋ, ಸ್ಯಾಂಬನ್ ಎಂಬ ಇನ್ನೊಬ್ಬ ವೈದ್ಯನೊಡನೆ, ಇಟಲಿಯ ಆಸ್ಟಿಯಾ ಬಳಿಯ ಜೌಗಿನಲ್ಲಿ ಒಂದು ಮರದ ಗುಡಿಸಲಿನಲ್ಲಿ ಹೋಗಿ ಕುಳಿತ. ಅದನ್ನು ಮಾಡಿಸಿ ಕಳಿಸಿದವನು ಮ್ಯಾನ್ಸನ್. ಕಿಟಕಿ ಬಾಗಿಲುಗಳಿಗೆಲ್ಲ ತಂತಿ ಜಾಲರಿ. ಹಗಲೆಲ್ಲ ಅಲೆದಾಡಿದರು, ಮಳೆಯಲ್ಲಿ ನೆನೆದರು, ಅಲ್ಲಿಯದೇ ನೀರು ಕುಡಿದರು, ಕ್ವಿನೀನ್ ಮುಟ್ಟಲಿಲ್ಲ. ಸೂರ್ಯ ಮುಳುಗುವ ಮೊದಲು ಒಳಗೆ ಸೇರಿ ಬಾಗಿಲು ಹಾಕಿಕೊಂಡರು, ಅಷ್ಟೇ. ಸುತ್ತಲಿನ ಜನ ಚಳಿಜ್ವರದಿಂದ ನಡುಗುತ್ತಿದ್ದರೆ ಜುಲೈಯಿಂದ ಅಕ್ಟೋಬರಿನವರೆಗೆ ಇವರಿಗೆ ಜ್ವರವಿಲ್ಲ. ಅದೇ ವರ್ಷ ಗ್ರಾಸಿ ಎಂಬ ಇಟಲಿಯ ವಿಜ್ಞಾನಿ ಕಪಾಚ್ಚೊ ಬಯಲಿನಲ್ಲಿ 112 ಜನರನ್ನು ಸೊಳ್ಳೆಯಿಂದ ಕಾಪಾಡಿ ನೋಡಿದ. ಜ್ವರ ಬಂದದ್ದು ಐವರಿಗೆ. ರಕ್ಷಣೆಯಿಲ್ಲದ 415 ಮಂದಿಗೆ ಎಲ್ಲರಿಗೂ ಬಂತು.

ವಿಜ್ಞಾನಿಗಳಿಗೆ ಜಾಲರಿ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಜರಡಿಯವರಿಂದ. ಅಮೇರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಗಿಲ್ಬರ್ಟ್ ಮತ್ತು ಬೆನೆಟ್ ಎಂಬ ಕಂಪನಿ ಹಿಟ್ಟಿನ ಜರಡಿ ಮಾಡಿ ದಕ್ಷಿಣದ ರಾಜ್ಯಗಳಿಗೆ ಮಾರುತ್ತಿತ್ತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಆ ಮಾರುಕಟ್ಟೆ ಮುಚ್ಚಿತು. ನೇಯ್ದ ತಂತಿ ಗೋದಾಮಿನಲ್ಲಿ ಉಳಿಯಿತು. ತುಕ್ಕು ಹಿಡಿಯದಂತೆ ಬೂದು ಬಣ್ಣ ಬಳಿದು ಕಿಟಕಿಗೆ ಹೊಡೆಯಲು ಮಾರಿದರೆ ಹೇಗೆ ಎಂದು ಅಲ್ಲಿನ ನೌಕರನೊಬ್ಬನಿಗೆ ಹೊಳೆಯಿತು. ಜರಡಿ ಕಿಟಕಿಗೇರಿದ್ದು ಹೀಗೆ. ತತ್ತ್ವ ಒಂದೇ: ಬೇಕಾದದ್ದು ಆಚೆಗೆ ಹೋಗಲಿ, ಬೇಡದ್ದು ನಿಲ್ಲಲಿ. ಗಾಳಿ ಬೆಳಕು ಹಿಟ್ಟು, ಸೊಳ್ಳೆ ತೌಡು.

ಆ ಬೂದು ಬಣ್ಣದ ಮಾತಿನಲ್ಲೇ ನಮ್ಮ ದ್ವೀಪದ ಸಮಸ್ಯೆ ಇದೆ. ಜಾಲರಿಯ ಶತ್ರು ಸೊಳ್ಳೆಯಲ್ಲ, ತುಕ್ಕು. ಕಬ್ಬಿಣದ ತಂತಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಮನೆಯ ಹಿರಿಯಣ್ಣನ ಹಾಗೆ. ಆದರೆ ಉಪ್ಪುಗಾಳಿಯಲ್ಲಿ ಆ ಅಣ್ಣ ಬೇಗ ತೀರಿಹೋಗುತ್ತಾನೆ. ಮೈಸೂರಿನಲ್ಲಿ ಬಹುಕಾಲ ಬಾಳುವ ಜಾಲರಿ ಇಲ್ಲಿ ಕೆಲವೇ ಮಳೆಗಾಲಕ್ಕೆ ಕೆಂಪಾಗಿ, ಬೆರಳು ಒತ್ತಿದರೆ ಪುಡಿಯಾಗುತ್ತದೆ. ಪನಾಮಾ ಕಾಲುವೆ ಅಗೆಯುವಾಗ ಅಮೇರಿಕನರಿಗೂ ಇದೇ ಪಾಡು. ಅವರಿಗಿಂತ ಮುಂಚೆ ಅಲ್ಲಿ ಅಗೆಯಹೋದ ಫ್ರೆಂಚರು ಆಸ್ಪತ್ರೆಯ ಮಂಚದ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ಇಡುತ್ತಿದ್ದರು, ನಮ್ಮ ಜಾಲರಿ ಬೀರುವಿನ ಕಾಲಿಗೆ ಇಡುವಂತೆಯೇ. ಆ ಬಟ್ಟಲಲ್ಲೇ ಸೊಳ್ಳೆ ಹುಟ್ಟಿ ರೋಗಿಗಳನ್ನು ಕಚ್ಚುತ್ತಿತ್ತು. 1904ರಲ್ಲಿ ಹೋದ ವೈದ್ಯ ಗೋರ್ಗಸ್ ನಿಂತ ನೀರು ಬರಿದು ಮಾಡಿಸಿ, ಮನೆಗಳಿಗೆ ಜಾಲರಿ ಹೊಡೆಸಿದ. ತೇವದ ಗಾಳಿಗೆ ಕಬ್ಬಿಣ ತಾಳದೆಂದು ತಾಮ್ರ, ಕಂಚಿನ ಜಾಲರಿ ತಂದರು. ಎರಡು ವರ್ಷ ತುಂಬುವುದರೊಳಗೆ ಪನಾಮಾ ನಗರದಲ್ಲಿ ಹಳದಿ ಜ್ವರ ನಿಂತಿತು.

ನಮ್ಮ ಸರ್ಕಾರಿ ಕ್ವಾರ್ಟರ್ಸುಗಳಿಗೆ ಕಂಚು ಎಲ್ಲಿಂದ ಬರಬೇಕು? ಕೇಂದ್ರ ಲೋಕೋಪಯೋಗಿ ಇಲಾಖೆಯ ಬಹುಕಾಲದ ನಿಯಮ ಸತು ಲೇಪಿಸಿದ ಜಾಲರಿ: ತಂತಿಯ ದಪ್ಪ 0.63 ಮಿಲಿಮೀಟರು, ಕಣ್ಣಿನ ಅಗಲ 1.4 ಮಿಲಿಮೀಟರು. ಲೆಕ್ಕ ಹಾಕಿದರೆ ಇಂಚಿಗೆ ಸುಮಾರು ಹನ್ನೆರಡು ಕಣ್ಣು. ಇತ್ತೀಚಿನ ದರಪಟ್ಟಿಗಳಲ್ಲಿ 0.5 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ತಂತಿಯೂ ಸೇರಿದೆ. ಕಣ್ಣು ಮಾತ್ರ ಅದೇ 1.4. ಯಾರೋ ಪುಣ್ಯಾತ್ಮರು ಸೊಳ್ಳೆಯ ಅಳತೆ ಸರಿಯಾಗಿಯೇ ತೆಗೆದಿದ್ದಾರೆ. ಎಡವಿದ್ದು ರಿಪೇರಿಯಲ್ಲಿ. ನಾವು ಹಿಂದೆ ಇದ್ದ ಒಂದು ಕ್ವಾರ್ಟರ್ಸಿನಲ್ಲಿ ದೂರು ಪುಸ್ತಕದಲ್ಲಿ ಜಾಲರಿಯ ವಿಷಯ ಮೂರು ಸಲ ಬರೆದ ಮೇಲೆ ಜನ ಬಂದರು. ಬಂದವರು ಚೌಕಟ್ಟಿಗೆ ಹಸಿರು ಬಣ್ಣ ಹೊಡೆದು ಹೋದರು. ತೂತಿನ ಅಂಚಿಗೂ ಬಣ್ಣ ತಗಲಿತ್ತು, ಅಷ್ಟು ಶ್ರದ್ಧೆ.

ಆದ್ದರಿಂದ ಇಲ್ಲಿನ ಕುಟುಂಬಗಳು ರಿಪೇರಿಯ ವಿದ್ಯೆಯನ್ನು ತಾವೇ ಕಲಿತಿವೆ. ಹಳೆ ಬೀಡಿಂಗ್ ಪಟ್ಟಿಯನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿದರೆ ಅದನ್ನೇ ಮತ್ತೆ ಹೊಡೆಯಬಹುದು. ಜಾಲರಿಯನ್ನು ಮೇಲಿನ ಅಂಚಿಗೆ ಮೊದಲು ಹೊಡೆದು, ಕೆಳಕ್ಕೆ ಎಳೆದು, ಆಮೇಲೆ ಪಕ್ಕಗಳಿಗೆ ಬರಬೇಕು. ಇಲ್ಲವಾದರೆ ಹೊಟ್ಟೆ ಬರುತ್ತದೆ. ಸಣ್ಣ ತೂತಿಗೆ ಅದೇ ಜಾಲರಿಯ ತುಂಡು ಕತ್ತರಿಸಿ, ಅಂಚಿನ ಎಳೆ ಬಿಚ್ಚಿ, ಆ ತಂತಿಗಳನ್ನು ತೂರಿಸಿ ಹಿಂದಕ್ಕೆ ಮಡಿಸಿದರೆ ತೇಪೆ ಕಾಣುವುದೂ ಇಲ್ಲ. ನಮ್ಮ ಮನೆಯಾಕೆ ಇದನ್ನು ಕಾಲುಚೀಲ ಹೊಲಿಯುವಂತೆ ಮಾಡುತ್ತಾರೆ. ತಾಮ್ರದ ಜಾಲರಿ ಸಿಕ್ಕಿತೆಂದು ಕಬ್ಬಿಣದ ಮೊಳೆ ಹೊಡೆಯಬಾರದು: ಎರಡು ಲೋಹಕ್ಕೆ ಉಪ್ಪಿನ ತೇವ ಸೇರಿದರೆ ಅದೊಂದು ಬ್ಯಾಟರಿ ಸೆಲ್ಲೇ, ಮೊಳೆ ತಿಂದುಹೋಗುತ್ತದೆ. ನೈಲಾನ್ ಜಾಲರಿಗೆ ತುಕ್ಕಿಲ್ಲ, ಆದರೆ ಬಿಸಿಲಿಗೆ ಪೆಡಸಾಗುತ್ತದೆ, ಇಲಿ ಕಡಿಯುತ್ತದೆ. ಜಾಲರಿಗಿಂತ ಮುಖ್ಯ ಕೆಳಗಿನ ಸಂದು. ಹಿಂಜು ಸಡಿಲಾಗಿ ಬಾಗಿಲು ಜೋತರೆ ಒಂದು ಮೂಲೆ ನೆಲಕ್ಕೆ ಉಜ್ಜುತ್ತದೆ, ಇನ್ನೊಂದು ಕಡೆ ಬೆರಳಗಲ ಸಂದು ಬಿಡುತ್ತದೆ. ಅಲ್ಲಿಂದ ಬಂದ ಸೊಳ್ಳೆ ಬೆಳಗ್ಗೆ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ಒಳ್ಳೆಯ ಜಾಲರಿ ಇದ್ದಷ್ಟೂ ಈ ಸಂದು ಅಪಾಯ.

ಇಷ್ಟೆಲ್ಲ ಗೊತ್ತಿದ್ದೂ ಒಂದು ಕಾಲದಲ್ಲಿ ದೇಶವೇ ಜಾಲರಿಯನ್ನು ಮರೆಯಿತು ಎಂದು ನಮಗೆ ತೋರುತ್ತದೆ. ಕಾರಣ ಡಿ.ಡಿ.ಟಿ. ಭಾರತದಲ್ಲಿ ಹಳ್ಳಿ ಹಳ್ಳಿಗೆ ಅದನ್ನು ಸಿಂಪಡಿಸಿ ನೋಡಿದ ಮೊದಮೊದಲ ದೊಡ್ಡ ಪ್ರಯೋಗ ನಡೆದದ್ದು 1946ರ ಸುಮಾರಿಗೆ, ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಮತ್ತು ಕಾರವಾರದ ಸೀಮೆಯಲ್ಲಿ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ. ಚಳಿಜ್ವರದಿಂದ ಮನೆಗಳು ಪಾಳುಬಿದ್ದ ಸೀಮೆ ಅದು, ಫಲ ಅದ್ಭುತವಾಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜಿಸಿದ್ದ ರೋಗಿಗಳು 1965ರ ವೇಳೆಗೆ ಲಕ್ಷಕ್ಕೆ ಇಳಿದರು. ಇಲ್ಲೊಂದು ಸ್ವಾರಸ್ಯವಿದೆ. ಡಿ.ಡಿ.ಟಿ. ಕೆಲಸ ಮಾಡುವುದು ಸೊಳ್ಳೆ ಮನೆಯೊಳಗೆ ಬಂದು ಗೋಡೆಯ ಮೇಲೆ ಕೂತಾಗ. ಜಾಲರಿ ಬಾಗಿಲು ಅದನ್ನು ಬಿಡುವುದೇ ಇಲ್ಲ. ಒಂದು ಸೊಳ್ಳೆಯನ್ನು ಒಳಗೆ ಕರೆದು ಕೊಲ್ಲುವ ಉಪಾಯ, ಇನ್ನೊಂದು ಹೊರಗೇ ನಿಲ್ಲಿಸುವ ಉಪಾಯ. ಮೊದಲನೆಯದು ಸರ್ಕಾರದ ಕೈಯಲ್ಲಿತ್ತು, ಎರಡನೆಯದು ಗೃಹಸ್ಥನ ಕೈಯಲ್ಲಿ. ಸರ್ಕಾರವೇ ಕೊಲ್ಲುವಾಗ ಗೃಹಸ್ಥ ಏಕೆ ತೇಪೆ ಹಾಕಿಯಾನು? ಆಮೇಲೆ ಸೊಳ್ಳೆ ಔಷಧಿಗೆ ಒಗ್ಗಿತು. 1976ರಲ್ಲಿ ಮಲೇರಿಯಾ ಮತ್ತೆ 64 ಲಕ್ಷ ದಾಟಿತು.

ಆನೆಕಾಲಿನ ಕಥೆ ಬೇರೆ. ಅದನ್ನು ಹರಡುವ ಚರಂಡಿ ಸೊಳ್ಳೆ ಡಿ.ಡಿ.ಟಿ.ಗೆ ಬಗ್ಗಿದ್ದು ಕಡಿಮೆ. ಇಲ್ಲಿಂದ ದಕ್ಷಿಣಕ್ಕೆ ಚೇರ್ತಲದ ಕಡೆ ಇನ್ನೊಂದು ಜಾತಿಯ ಹುಳು, ಇನ್ನೊಂದು ಜಾತಿಯ ಸೊಳ್ಳೆ. ಅದರ ಮರಿ ಕೊಳದ ಅಂತರಗಂಗೆ ಗಿಡದ ಬೇರಿಗೆ ಅಂಟಿಕೊಂಡು ಅಲ್ಲಿಂದಲೇ ಉಸಿರು ಹೀರುತ್ತದೆ. 1930ರ ದಶಕದಲ್ಲಿ ಎಂ. ಒ. ಟಿ. ಅಯ್ಯಂಗಾರ್ ಎಂಬ ಕೀಟವಿಜ್ಞಾನಿ ತಿರುವಾಂಕೂರಿನಲ್ಲಿ ಇದನ್ನೆಲ್ಲ ವಿಸ್ತಾರವಾಗಿ ಅಭ್ಯಾಸ ಮಾಡಿದರು. 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಹುಳುವಿನ ಮರಿಗಳು ರಕ್ತಕ್ಕೆ ಬರುವುದು ರಾತ್ರಿ. ಅದಕ್ಕೇ ಫೈಲೇರಿಯಾದವರು ರಾತ್ರಿ ಊಟದ ಹೊತ್ತಿಗೆ ಬಾಗಿಲು ತಟ್ಟಿ ಬೆರಳು ಚುಚ್ಚಿ ರಕ್ತ ಕೇಳುವುದು. ಹೊಸದಾಗಿ ಬಂದ ಕನ್ನಡ ಕುಟುಂಬಗಳು ಇದನ್ನು ಕಂಡು ಗಾಬರಿಯಾಗುವುದುಂಟು. ಕೊಡಿ, ಹೆದರಬೇಡಿ. 2004ರಿಂದ ಎಲ್ಲರಿಗೂ ಮಾತ್ರೆ ಹಂಚುವ ಕಾರ್ಯಕ್ರಮವೂ ದೇಶದಲ್ಲಿ ಬಂದಿದೆ. ಕಲಬುರ್ಗಿ, ಬೀದರ್ ಕಡೆಯವರಿಗೆ ಇದು ಹೊಸದಲ್ಲ; ಆ ಸೀಮೆಯಲ್ಲೂ ಈ ರೋಗವಿದೆ.

ತೇಪೆಯ ಬೆಲೆ ಎಷ್ಟೆಂಬುದಕ್ಕೆ ಒಂದು ಲೆಕ್ಕ ನಮಗೆ ಬಹಳ ಹಿಡಿಸಿದೆ. ಮಲೇರಿಯಾಕ್ಕೆ ಒಂದು ಕಡಿತ ಸಾಕು. ಆನೆಕಾಲಿಗೆ ಸಾಲದು. 1968ರಲ್ಲಿ ರಂಗೂನಿನ ಅಂಕಿಗಳಿಂದ ವಿಜ್ಞಾನಿಗಳು ಲೆಕ್ಕ ಹಾಕಿದಂತೆ, ಒಬ್ಬನ ರಕ್ತದಲ್ಲಿ ಹುಳುವಿನ ಮರಿ ಕಾಣಿಸಿಕೊಳ್ಳಲು ಹುಳು ಹೊತ್ತ ಸೊಳ್ಳೆಗಳ ಸುಮಾರು 15,500 ಕಡಿತ ಬೇಕು. ಅಂದರೆ ಇದು ವರ್ಷಗಟ್ಟಲೆ ಕಂತು ಕಟ್ಟಿ ಕೊಂಡುಕೊಳ್ಳುವ ರೋಗ. ಹರಿದ ಜಾಲರಿಯ ಮನೆಯಲ್ಲಿ ಮಕ್ಕಳು ಪ್ರತಿ ರಾತ್ರಿ ಒಂದು ಕಂತು ಕಟ್ಟುತ್ತಿರುತ್ತಾರೆ. ತೇಪೆ ಹಾಕಿದ ಬಾಗಿಲಿನಿಂದ ಎರಡು ಸೊಳ್ಳೆ ನುಗ್ಗಿದರೂ ನಿಂತ ಇಪ್ಪತ್ತು ಲೆಕ್ಕಕ್ಕೆ ಬರುತ್ತವೆ. ಮೂರು ವರ್ಷಕ್ಕೆ ವರ್ಗವಾಗಿ ಹೋಗುವ ನಾವು ‘ಇನ್ನೊಬ್ಬರ ಮನೆಗೆ ನಾವೇಕೆ ಖರ್ಚು ಮಾಡಬೇಕು’ ಎನ್ನುವಾಗ ಈ ಕಂತಿನ ಪುಸ್ತಕ ಮಾತ್ರ ಮಕ್ಕಳ ಜೊತೆಯಲ್ಲೇ ಹೊಸ ಊರಿಗೂ ಬರುತ್ತದೆ.

ಈ ಶತಮಾನದಲ್ಲಿ ಬಾಗಿಲಿಗೆ ಹೊಸ ಕೆಲಸ ಬಂದಿದೆ. 2006, 2007ರಲ್ಲಿ ಕೇರಳದಲ್ಲಿ ಚಿಕೂನ್‌ಗುನ್ಯಾ ಹಬ್ಬಿತು. ಡೆಂಗ್ಯೂ ಮಳೆಗಾಲದ ಮಾಮೂಲು ಅತಿಥಿಯಾಗಿದೆ. ಇವನ್ನು ತರುವ ಪಟ್ಟೆ ಕಾಲಿನ ಸೊಳ್ಳೆ ಹಗಲಿನದು, ಶುದ್ಧ ನೀರಿನದು, ಹೂಕುಂಡದ ತಟ್ಟೆಯದು. ಆಸ್ಟಿಯಾದ ವೈದ್ಯರ ಹಾಗೆ ಸಂಜೆ ಮಾತ್ರ ಬಾಗಿಲು ಹಾಕಿಕೊಂಡರೆ ಇದಕ್ಕೆ ಸಾಲದು. ಬೆಳಗ್ಗೆ ಹಾಲಿನವನು ಬಂದು ಹೋದದ್ದರಿಂದ ಹಿಡಿದು ಮಕ್ಕಳು ಶಾಲೆಯ ಬಸ್ಸಿಗೆ ಓಡುವವರೆಗೆ, ಮರದ ಬಾಗಿಲು ಗೋಡೆಗೆ ಆತು ನಿಂತಿರುವ ಹೊತ್ತಿನಲ್ಲೂ, ಸ್ಪ್ರಿಂಗು ಸರಿಯಿದ್ದು ಜಾಲರಿ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಸ್ಪ್ರಿಂಗು ಎರ್ನಾಕುಲಂ ಬ್ರಾಡ್‌ವೇಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ತುಕ್ಕು ಹಿಡಿಯದ್ದನ್ನೇ ಕೇಳಿ.