ಕೆಲಸ ಹೋದರೂ ಪಾಠ ನಿಲ್ಲಿಸದ ಶಿಕ್ಷಕಿ

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಒಂದು ಕಾಲಕ್ಕೆ ಆಸ್ತಿಯಿಲ್ಲದವರು ಮತದಾರರಾಗಲು ಸಂವಿಧಾನದ ಭಾಗವೊಂದನ್ನು ಓದಿ ತೋರಿಸಬೇಕಿತ್ತು. ಕಪ್ಪು ಜನರನ್ನು ಹೊರಗಿಡಲು ಇದೊಂದು ಉಪಾಯ. ಅದನ್ನು ಪಾಠದಿಂದಲೇ ಎದುರಿಸಿದವರು ಸೆಪ್ಟಿಮಾ ಕ್ಲಾರ್ಕ್.

1898ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ ಅವರು 1916ರಲ್ಲಿ ಜಾನ್ಸ್ ದ್ವೀಪದಲ್ಲಿ ಶಿಕ್ಷಕಿಯಾದರು. ನಾವಿಕ ಪತಿ 1925ರಲ್ಲಿ ತೀರಿಕೊಂಡರು. ಮಗನನ್ನು ಅವನ ಅಜ್ಜ-ಅಜ್ಜಿಯ ಬಳಿ ಬಿಟ್ಟು ದುಡಿದರು. ಕಪ್ಪು ಜನರ ಹಕ್ಕುಗಳ ಸಂಘಟನೆಯ ಸದಸ್ಯತ್ವ ಬಿಡಲೊಪ್ಪದ್ದಕ್ಕೆ 1956ರಲ್ಲಿ ನೌಕರಿ, ಪಿಂಚಣಿ ಎರಡೂ ಹೋದವು.

ಮರುವರ್ಷ ಅದೇ ದ್ವೀಪದಲ್ಲಿ ವಯಸ್ಕರಿಗಾಗಿ ‘ಪೌರತ್ವ ಶಾಲೆ’ ಆರಂಭಿಸಲು ನೆರವಾದರು. ಸ್ವಂತ ಹೆಸರು ಬರೆಯುವುದರಿಂದ ಅಲ್ಲಿನ ಕಲಿಕೆ ಶುರು. ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಿಗೆ ಹಬ್ಬಿ ಸಾವಿರಾರು ಜನ ಮತದಾರರಾದರು.

1970ರ ದಶಕದಲ್ಲಿ ಅವರು ತಮ್ಮ ಊರಿನ ಶಾಲಾ ಮಂಡಳಿಗೇ ಆಯ್ಕೆಯಾದರು. 1976ರಲ್ಲಿ ಪಿಂಚಣಿಯೂ ಮರಳಿತು. 1987ರಲ್ಲಿ, 89ನೇ ವಯಸ್ಸಿನಲ್ಲಿ, ನಿಧನರಾದರು.